ಲೀಟರಿಗೆ ಎಂಟು

ನೆಂಟರು ಬಂದರೆ ಆ ಮನೆಯಲ್ಲಿ ಕಾಫಿಯ ಹಿಂದೆಯೇ ಕಾರಿನ ಮಾತು ಬರುತ್ತಿತ್ತು. ಶುರುಮಾಡುತ್ತಿದ್ದವನು ಗಂಡ. ಮೊದಲ ಗುಟುಕು ಹೀರಿ, ಲೋಟ ಕೆಳಗಿಟ್ಟು, "ನಮ್ಮ ಕಾರಿಂದು ಒಂದು ವಿಚಿತ್ರ ಇದೆ ಗೊತ್ತಾ?" ಎನ್ನುತ್ತಿದ್ದ. "ನನ್ನ ಕೈಲಿ ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಕೊಡುತ್ತೆ, ಇವಳ ಕೈಲಿ ಎಂಟು. ಅದೇ ಕಾರು, ಅದೇ ಪೆಟ್ರೋಲು!"

"ಗಾಡಿ ಏನ್ ಕುಡಿಯಲ್ಲ ಬಿಡಣ್ಣ, ಅತ್ತಿಗೇನೇ ಕುಡಿಸ್ತಾರೆ" ಎನ್ನುವುದು ಮೈದುನನ ಪಾಲಿನ ಮಾತು. ಅವಳಿಗೆ 'ಸಾರಥಿ' ಎಂದು ಅಡ್ಡಹೆಸರಿಟ್ಟವನೂ ಅವನೇ.

ಎಲ್ಲರೂ ನಗುತ್ತಿದ್ದರು. ಟ್ರೇ ಹಿಡಿದು ನಿಂತ ಅವಳೂ ನಗುತ್ತಿದ್ದಳು. ನಗುತ್ತಲೇ ಬಲಗಾಲನ್ನು ಮೆಲ್ಲಗೆ ಎಡಗಾಲಿನ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದಳು. ಆಕ್ಸಿಲರೇಟರ್ ತುಳಿಯುವ ಕಾಲು ಅದು. ಹುಟ್ಟುವಾಗಲೇ ಆ ಕಾಲಿಗೆ ಏನೋ ದುಂದುಗಾರಿಕೆ ಅಂಟಿಕೊಂಡಿದೆ ಎಂದು ಅವಳೂ ನಂಬಿಬಿಟ್ಟಿದ್ದಳು.

ಕಾರು ಓಡಿಸಲು ಕಲಿತಾಗ ಅವಳಿಗೆ ನಲವತ್ತು ದಾಟಿತ್ತು. ಮಾವನ ಮೂತ್ರಪಿಂಡ ಕೈಕೊಟ್ಟು ಆಸ್ಪತ್ರೆಗೆ ಮೇಲಿಂದ ಮೇಲೆ ಹೋಗಬೇಕಾಗಿ ಬಂದಿತ್ತು. ಗಂಡ ಊರಿನ ಆ ತುದಿಯ ಕಚೇರಿಗೆ ಕಂಪನಿ ಬಸ್ಸಿನಲ್ಲಿ ಹೋಗುವವನು. "ಯಾರಾದ್ರೂ ಡ್ರೈವಿಂಗ್ ಕಲೀಬೇಕಪ್ಪ" ಎಂದು ಊಟದ ಮೇಜಿನಲ್ಲಿ ತೀರ್ಮಾನವಾಯಿತು. ಆ ಮನೆಯಲ್ಲಿ 'ಯಾರಾದರೂ' ಎಂದರೆ ಅವಳು. ಯಾರಾದರೂ ಬಾಗಿಲು ತೆಗೀರಿ, ಯಾರಾದರೂ ಹಾಲು ನೋಡ್ಕೊಳ್ಳಿ, ಯಾರಾದರೂ ಅಪ್ಪನ ಜೊತೆ ಹೋಗಿ.

ಮಾವ ತೀರಿಕೊಂಡ ಮೇಲೂ ಕಾರು ಅವಳ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಬರಬೇಕು. ಬಂದು, ಅನ್ನಕ್ಕಿಟ್ಟು, ತರಕಾರಿಗೆ ಹೋಗಬೇಕು. ಗಂಡನ ಅಂಗಿಗಳು ಇಸ್ತ್ರಿ ಅಂಗಡಿಗೆ, ಅತ್ತೆಯ ಮಾತ್ರೆಗೆ ಇನ್ನೊಂದು ಬೀದಿ, ಕೆಟ್ಟ ಮಿಕ್ಸಿ ರಿಪೇರಿಗೆ, ಮತ್ತೆ ಶಾಲೆ. ಎಂಜಿನ್ ಬಿಸಿಯಾಗುವಷ್ಟರಲ್ಲಿ ಅಂಗಡಿ ಬರುತ್ತಿತ್ತು. ಅಂಗಡಿಯ ಕೆಲಸ ಮುಗಿಯುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತಿತ್ತು. ಎರಡನೇ ಗೇರಿನ ಮೇಲೆ ಹೋಗುವ ಭಾಗ್ಯ ಆ ಬೀದಿಗಳಲ್ಲಿ ಯಾರಿಗೂ ಇರಲಿಲ್ಲ.

ಗಂಡ ಕಾರು ಮುಟ್ಟುತ್ತಿದ್ದದ್ದು ಯಾವಾಗಲೋ ಒಂದು ಭಾನುವಾರ, ಹೆದ್ದಾರಿಯಲ್ಲಿ ಗೆಳೆಯನ ತೋಟಕ್ಕೆ ಹೊರಟಾಗ. ಹಿಂದಿನ ದಿನವೇ ಅವಳು ಟೈರಿಗೆ ಗಾಳಿ ಹಿಡಿಸಿ, ಗಾಜು ಒರೆಸಿ, ಟ್ಯಾಂಕ್ ತುಂಬಿಸಿ ಇಟ್ಟಿರುತ್ತಿದ್ದಳು. ಇಸ್ತ್ರಿ ಮಾಡಿದ ಅಂಗಿ ತೊಟ್ಟವನಿಗೆ ಅಂಗಿಗಳು ಹುಟ್ಟುವುದೇ ಹಾಗೆ ಎನ್ನಿಸುತ್ತದಲ್ಲ, ಹಾಗೆಯೇ ಅವನಿಗೆ ಆ ಕಾರು.

"ರಸ್ತೆ ತುಂಬಾ ಸಿಗ್ನಲ್ಲು ರೀ. ನಿಂತು ನಿಂತು ಹೋಗ್ಬೇಕು" ಎಂದು ಒಮ್ಮೆ ಹೇಳಿ ನೋಡಿದ್ದಳು.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ" ಎಂದಿದ್ದ ಅವನು.

ಪೆಟ್ರೋಲಿನ ಬೆಲೆ ಮತ್ತೊಮ್ಮೆ ಏರಿದ ವಾರ, ಗಂಡ ತಮಾಷೆಯ ದನಿ ಬಿಟ್ಟು ಮಾತಾಡಿದ. "ಈ ತಿಂಗಳು ಹತ್ತು ತೋರಿಸು. ಇಲ್ಲ ಅಂದ್ರೆ ಗಾಡಿ ಕೊಟ್ಟುಬಿಡ್ತೀನಿ. ತಮ್ಮನ ಆಫೀಸಲ್ಲಿ ಒಬ್ರು ಕೇಳ್ತಿದ್ದಾರೆ. ನಿಂಗೇನು, ಬಸ್ಸಿದೆ."

ಎರಡೂ ಕೈಯಲ್ಲಿ ಚೀಲ, ಹೆಗಲಿಗೆ ಮಗಳ ಬ್ಯಾಗು, ಜೊತೆಗೆ ಮಂಡಿ ಆಪರೇಷನ್ ಆದ ಅತ್ತೆ. ಬಸ್ಸಿದೆ, ನಿಜ. ಅದಕ್ಕಿಂತ ಹೆಚ್ಚಾಗಿ, ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ದಿನದಲ್ಲಿ ಅಷ್ಟು ಹೊತ್ತು ಮಾತ್ರ ಅವಳು ಹೇಳಿದ ಕಡೆಗೆ ಏನಾದರೊಂದು ತಿರುಗುತ್ತಿತ್ತು. ಅದನ್ನು ಕಳೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

ಹಾಗಾಗಿ ಉಳಿತಾಯಕ್ಕೆ ಇಳಿದಳು. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದಳು. ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಬಿಟ್ಟಳು. ಬಿಸಿಲಿಗೆ ಬೆವರು ಕಿತ್ತುಕೊಂಡು ಬಂದರೂ ಎ.ಸಿ. ಮುಟ್ಟಲಿಲ್ಲ. ಭಾರ ಕಡಿಮೆಯಾದರೆ ಪೆಟ್ರೋಲೂ ಕಡಿಮೆ ಎಂದು ಯಾರೋ ಹೇಳಿದ್ದು ನೆನಪಾಗಿ, ಡಿಕ್ಕಿಯಲ್ಲಿದ್ದ ಸ್ಟೆಪ್ನಿ, ಜಾಕು, ಪಾನಾಗಳನ್ನೆಲ್ಲ ಇಳಿಸಿ ಮಂಚದ ಕೆಳಗೆ ತಳ್ಳಿದಳು. ಅದಾದ ಮೇಲೆ ಅತ್ತೆ ಬಂದು ಮುಂದಿನ ಸೀಟಿನಲ್ಲಿ ಕುಳಿತಾಗ ಗಾಡಿ ಆ ಕಡೆಗೆ ಸ್ವಲ್ಪ ವಾಲಿತು. ಇವರ ತೂಕ ಎಷ್ಟಿರಬಹುದು ಎಂಬ ಯೋಚನೆ ಅವಳ ತಲೆಯಲ್ಲಿ ಬಂದುಹೋಯಿತು. ಛೆ ಎಂದುಕೊಂಡಳು. ಆದರೆ ಬಂದದ್ದಂತೂ ಬಂದಿತ್ತು.

ಮನೆಯಲ್ಲಿ ಅತ್ತೆ ಮಿತಭಾಷಿ. ಕಾರು ಹತ್ತಿದರೆ ಬೇರೆಯೇ ಹೆಂಗಸು. "ಆ ಬಸ್ಸಿಗೆ ದಾರಿ ಬಿಡ್ಬೇಡ ಕಣೇ. ಅವನಪ್ಪನ ರಸ್ತೆನಾ? ಹಾರ್ನ್ ಹೊಡಿ, ಇನ್ನೊಂದ್ಸಲ ಹೊಡಿ!" ಫಿಸಿಯೋಥೆರಪಿಗೆ ಹೋಗಿಬರುವ ದಾರಿಯಲ್ಲಿ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಅಕ್ಕರೆಯಂಥದ್ದೇನೋ ಬೆಳೆದಿತ್ತು. ಅದನ್ನು ಇಬ್ಬರೂ ಕಾರಿನಲ್ಲೇ ಬಿಟ್ಟು ಮನೆಯೊಳಗೆ ಹೋಗುತ್ತಿದ್ದರು.

ಆ ದಿನವೂ ವ್ಯಾಯಾಮ ಮುಗಿಸಿ ಹೊರಟಿದ್ದರು. ಕ್ಲಿನಿಕ್ಕಿನ ಬೀದಿ ದಾಟುತ್ತಿದ್ದಂತೆ ಅತ್ತೆ, "ಏನೇ, ಸ್ವಲ್ಪ ವಾಪಸ್ ತಿರುಗಿಸ್ತೀಯಾ? ಬಾತ್‌ರೂಮಿಗೆ ಹೋಗ್ಬೇಕಿತ್ತು" ಎಂದರು.

ವಾಪಸ್ ಎಂದರೆ ಒನ್‌ವೇ. ಇಡೀ ಮಾರ್ಕೆಟ್ಟು ಸುತ್ತಿ, ತೆವಳಿಕೊಂಡು ಬರಬೇಕು. ಅವಳ ಕಣ್ಣು ಪೆಟ್ರೋಲಿನ ಮುಳ್ಳಿನ ಮೇಲೆ ಹೋಯಿತು. ಅದು ಆಗಲೇ ಬೇಕಾದ್ದಕ್ಕಿಂತ ಕೆಳಗಿತ್ತು.

"ಸ್ವಲ್ಪ ತಡ್ಕೊಳ್ಳಿ ಅತ್ತೆ. ಇನ್ನೇನು ಮನೆ ಬಂತು."

"ಹೂಂ" ಎಂದರು ಅತ್ತೆ. ಎರಡನೇ ಸಲ ಕೇಳುವ ಜಾಯಮಾನವಲ್ಲ ಅವರದು.

ಸೇತುವೆಯ ಮಧ್ಯಕ್ಕೆ ಬಂದಾಗ ಹಿಂದಿನ ಚಕ್ರ ದಡಬಡಿಸಿತು. ಇಳಿದು ನೋಡಿದರೆ ಟೈರು ನೆಲಕ್ಕೆ ಕಚ್ಚಿಕೊಂಡಿತ್ತು. ಹಿಂದೆ ವಾಹನಗಳ ಸಾಲು ಬೆಳೆಯಿತು, ಹಾರ್ನುಗಳು ಶುರುವಾದವು. ಬೈಕು ನಿಲ್ಲಿಸಿ ಬಂದವರು, ಸುಮ್ಮನೆ ನೋಡಲು ಬಂದವರು ಸುತ್ತ ನಿಂತರು. ಟ್ರಾಫಿಕ್ ಪೊಲೀಸಮ್ಮ ಬಂದು ಡಿಕ್ಕಿ ತೆಗೆಸಿದಳು. ಒಳಗೆ ಒಂದು ತರಕಾರಿ ಚೀಲ ಮಾತ್ರ ಇತ್ತು.

"ಸ್ಟೆಪ್ನಿ ಎಲ್ಲಮ್ಮಾ?"

"ಮನೇಲಿದೆ."

"ಮನೇಲಾ? ಅಲ್ಲೇನ್ ಮಾಡ್ತಿದೆ?"

"ಮಂಚದ ಕೆಳಗೆ..."

"ನಿದ್ದೆ ಮಾಡ್ತಿರ್ಬೇಕು ಬಿಡಿ ಮೇಡಂ" ಎಂದ ಯಾರೋ. ಸೇತುವೆಯ ಮೇಲೆ ಗೊಳ್ಳೆಂದು ನಗು. "ಲೇಡೀಸ್ ಡ್ರೈವಿಂಗ್" ಎಂದ ಇನ್ನೊಬ್ಬ, ಬೇರೆ ವಿವರಣೆ ಬೇಡವೆನ್ನುವಂತೆ.

ಆ ನಗು ಅವಳಿಗೆ ಹೊಸದಲ್ಲ. ಅತ್ತೆಯನ್ನು ಟ್ಯಾಕ್ಸಿಗೆ ಹತ್ತಿಸೋಣವೆಂದು ಮುಂದಿನ ಬಾಗಿಲಿಗೆ ಕೈಹಾಕಿದಳು.

"ತೆಗೀಬೇಡ" ಎಂದರು ಅತ್ತೆ. ಎದುರಿನ ಗಾಜನ್ನೇ ನೋಡುತ್ತಿದ್ದರು. ಎರಡೂ ಕೈಗಳು ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದವು. ಹೊಗೆ, ಬಿಸಿ ಟಾರು, ರಬ್ಬರಿನ ವಾಸನೆಗಳ ನಡುವೆ ಇನ್ನೊಂದು ವಾಸನೆ ಬಂದು ಅವಳಿಗೆ ತಟ್ಟಿತು. ಸೀಟಿನ ಅಂಚಿನಿಂದ ಕೆಳಗಿನ ಮ್ಯಾಟಿನವರೆಗೂ ಒದ್ದೆಯಾಗಿತ್ತು.

ಭೂಮಿ ಬಾಯಿಬಿಡಬಾರದೇ ಎನ್ನುತ್ತಾರೆ. ಅವಳು ನಿಂತಿದ್ದದ್ದು ಸೇತುವೆಯ ಮೇಲೆ. ಅಲ್ಲಿ ಭೂಮಿಯೂ ಇರಲಿಲ್ಲ. ತನ್ನ ದುಪಟ್ಟಾ ತೆಗೆದು ಅತ್ತೆಯ ಸೊಂಟಕ್ಕೆ ಸುತ್ತಿ, ಜನಕ್ಕೆ ಬೆನ್ನುಕೊಟ್ಟು, ಅವರನ್ನು ತನ್ನ ಮೈಮರೆಯಲ್ಲೇ ಇಳಿಸಿ ಟ್ಯಾಕ್ಸಿಗೆ ಹತ್ತಿಸಿದಳು.

ಮನೆಯಲ್ಲಿ ಬಿಸಿನೀರು ಹದಮಾಡಿ ಕೊಡುವಾಗ ಬಾಗಿಲ ಸಂದಿಯಿಂದ ಅತ್ತೆ, "ಯಾರಿಗೂ ಹೇಳ್ಬೇಡ ಕಣೇ" ಎಂದರು.

"ಇಲ್ಲ ಅತ್ತೆ."

ಅದರ ಮುಂದೆ ಇನ್ನೊಂದು ಮಾತು ಬರಬೇಕಿತ್ತು. ಅದರ ಬದಲು ಒದ್ದೆ ಬಟ್ಟೆಗಳನ್ನು ಎತ್ತಿಕೊಂಡಳು. ಬಟ್ಟೆ ಒಗೆಯುವುದಕ್ಕೆ ಅವಳಿಗೆ ಅಸಹ್ಯವಿರಲಿಲ್ಲ. ಮಗಳದ್ದು, ಮಾವನದ್ದು, ಎಲ್ಲರದ್ದೂ ಒಗೆದ ಕೈ. ಆದರೆ ಅವರೆಲ್ಲರಿಗೂ ಹಾಗಾದದ್ದು ಅವಳಿಂದಲ್ಲ.

ಸಂಜೆ ಗಂಡ ಸ್ಟೆಪ್ನಿ, ಜಾಕು ಹೊತ್ತುಕೊಂಡು ಹೋಗಿ, ಪೊಲೀಸಮ್ಮ ಸೇತುವೆಯ ಅಂಚಿಗೆ ತಳ್ಳಿಸಿಟ್ಟಿದ್ದ ಗಾಡಿ ತಂದ. ಮುಖ ಊದಿತ್ತು. "ಆ ಸೀಟ್ ಯಾಕೆ ಒದ್ದೆ?"

"ನೀರಿನ ಬಾಟ್ಲಿ ಬಿತ್ತು ಕಣೋ. ನಾನೇ ಬೀಳಿಸ್ದೆ" ಎಂದರು ಅತ್ತೆ ಒಳಗಿನಿಂದ.

ಮುಂದಿನ ಸಲ ಕ್ಲಿನಿಕ್ಕಿಗೆ ಹೊರಡುವಾಗ, "ಮಂಡಿ ಸರಿಹೋಗಿದೆ, ಇನ್ನು ಬೇಡ" ಎಂದು ಅವರು ಹಾಸಿಗೆಯಿಂದ ಏಳಲಿಲ್ಲ. ಸರಿಹೋಗಿರಲಿಲ್ಲ. ಗೋಡೆ ಹಿಡಿದುಕೊಂಡು ನಡೆಯುವ ಅವರ ಸದ್ದು ಅಡುಗೆಮನೆಗೆ ಕೇಳುತ್ತಿತ್ತು.

ತಿಂಗಳ ಕೊನೆಗೆ ಎಂಟೂವರೆ ಬಂತು. ಅವಳು ವಾದಿಸಲಿಲ್ಲ. ಬೀಗದ ಕೈಯನ್ನು ತಾನೇ ಟೀಪಾಯಿಯ ಮೇಲಿಟ್ಟಳು. ತನ್ನಂಥವಳ ಕೈಯಲ್ಲಿ ಗಾಡಿ ಇರದಿರುವುದೇ ಸರಿ ಎನ್ನಿಸಿತ್ತು.

ಕೊಳ್ಳುವವರು ಭಾನುವಾರ ಬಂದರು. ತೆಳ್ಳಗಿನ, ಸಂಕೋಚದ ಮನುಷ್ಯ. ಗಾಡಿಯ ಸುತ್ತ ಒಂದು ಸುತ್ತು ಬಂದು, ಮನೆಯೊಳಗೆ ಬಂದು ಕುಳಿತು, "ಮೈಲೇಜ್ ಹೇಗೆ ಸಾರ್?" ಎಂದರು.

"ಹದಿನಾಲ್ಕಕ್ಕೆ ಮೋಸ ಇಲ್ಲ" ಎಂದ ಗಂಡ.

"ಅದು ಹೈವೇಲಿ ಇರ್ಬೇಕು. ನನ್ನ ಹೆಂಡ್ತಿ ಊರೊಳಗೇ ಓಡಿಸೋದು. ಆಮೇಲೆ ನನ್ನ ಮೇಲೇ ಬರುತ್ತೆ ನೋಡಿ."

ಗಂಡ ನಕ್ಕ. "ಊರೊಳಗೆ ಅಂದ್ರೆ ಎಂಟೇ ಅಂದ್ಕೊಳ್ಳಿ. ಹಳೇ ಪೆಟ್ರೋಲ್ ಗಾಡಿ ಅಲ್ವಾ? ಮೂಲೆ ಅಂಗಡಿವರೆಗೂ ಹೋಗಿ ನಿಂತ್ರೆ ಎಂಜಿನ್ನೇ ಬಿಸಿ ಆಗಲ್ಲ, ಸಿಗ್ನಲ್ ಬೇರೆ. ಯಾರು ಓಡಿಸಿದ್ರೂ ಅಷ್ಟೇ. ಅದಕ್ಕೆ ನಿಮ್ಮ ಮನೆಯವರನ್ನ ಏನೂ ಅನ್ನಬೇಡಿ, ಪಾಪ."

ಅವಳು ಕಾಫಿ ತಂದು ಬಾಗಿಲಲ್ಲಿ ನಿಂತಿದ್ದಳು. ಅವನು ತಿರುಗಿ ನೋಡಿದ. ಆಡಿದ ಮಾತು ತನ್ನ ಕಿವಿಗೇ ಆಗ ಬಿದ್ದಂತೆ ಮುಖ ಹುಳ್ಳಗಾಯಿತು.

"ನಿಮಗೆ ಯಾವಾಗಿಂದ ಗೊತ್ತು ರೀ?" ಎಂದಳು.

"ಏ, ಅದು... ತಮಾಷೆಗೆ ಹೇಳ್ತಿದ್ದೆ ಕಣೇ ಅಷ್ಟು ದಿನ. ನೀನು ಅದನ್ನ ನಿಜ ಅಂತ..."

ಬಂದವರು ಅವಳು ಮುಂದಿಟ್ಟ ಕಾಫಿಯ ನೊರೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಅವಳು ಟೀಪಾಯಿಯ ಮೇಲಿದ್ದ ಬೀಗದ ಕೈ ಎತ್ತಿಕೊಂಡಳು. "ಗಾಡಿ ಕೊಡೋದಿಲ್ಲ ಸಾರ್. ಕರೆಸಿ ತೊಂದ್ರೆ ಕೊಟ್ವಿ. ನಮ್ಮತ್ತೆ ಕ್ಲಿನಿಕ್ಕಿಗೆ ಹೋಗ್ಬೇಕು."

ಗಂಡ ಬಂದವರನ್ನು ಗೇಟಿನವರೆಗೆ ಬಿಟ್ಟು ಬಂದ.

ಗೆದ್ದೆ ಎಂದು ಅನ್ನಿಸಬೇಕಿತ್ತು. ಪಾತ್ರೆ ತೊಳೆಯುತ್ತ ನಿಂತವಳಿಗೆ ಅಂಥದ್ದೇನೂ ಆಗಲಿಲ್ಲ. ಆ ದಿನ ಮಾರ್ಕೆಟ್ಟು ಸುತ್ತಿ ವಾಪಸ್ ಹೋಗಿದ್ದರೂ ಎಂಟೇ ಬರುತ್ತಿತ್ತಲ್ಲ ಎಂದುಕೊಂಡಳು ಮೊದಲು. ಆಮೇಲೆ ಆ ಸಮಾಧಾನವೂ ನಾಚಿಕೆಗೇಡು ಎನ್ನಿಸಿತು. ಎಂಟಲ್ಲ, ನಾಲ್ಕಕ್ಕೆ ಇಳಿದಿದ್ದರೂ ತಿರುಗಿಸಬೇಕಿತ್ತು. ಕಾಲಿನ ದೋಷ ಗಂಡ ಹೊರಿಸಿದ್ದು. "ತಡ್ಕೊಳ್ಳಿ" ಎಂದದ್ದು ಮಾತ್ರ ಅವಳದೇ ನಾಲಿಗೆ.

ಮರುದಿನ ಅತ್ತೆಯ ಮಂಚದ ಪಕ್ಕ ಹೋಗಿ ನಿಂತಳು. "ಅವತ್ತು ನೀವು ಕೇಳಿದಾಗಲೇ ತಿರುಗಿಸ್ಬೇಕಿತ್ತು. ಪೆಟ್ರೋಲ್ ಉಳಿಸೋಕೆ ಹೋದೆ. ತಪ್ಪಾಯ್ತು ಅತ್ತೆ."

ಅತ್ತೆ ಹೊದಿಕೆ ಸರಿಸಿ ಎದ್ದು ಕುಳಿತರು. "ಚಪ್ಪಲಿ ಎಲ್ಲಿದೆ ನೋಡು" ಎಂದರು.

ಕಾರಿನ ಬಾಗಿಲು ತೆಗೆದು ಅವರ ತೋಳು ಹಿಡಿದಳು. ಅತ್ತೆ ಕೂರಲಿಲ್ಲ. ಕೈಚೀಲದಿಂದ ಮಡಿಸಿದ ಪ್ಲಾಸ್ಟಿಕ್ ಹಾಳೆಯೊಂದನ್ನು ತೆಗೆದು, ಬಗ್ಗಲಾರದೆ ಬಗ್ಗಿ, ಸೀಟಿನ ಮೇಲೆ ಹಾಸಿದರು. ಮೂಲೆಗಳನ್ನು ಸರಿಯಾಗಿ ಎಳೆದರು.

"ಬೇಡ ಅತ್ತೆ. ಏನೂ ಆಗಲ್ಲ."

"ಇರ್ಲಿ ಬಿಡು."

ದಾರಿಯುದ್ದಕ್ಕೂ ಪ್ರತಿ ಹಳ್ಳಕ್ಕೂ ಹಾಳೆ ಪರಪರ ಎನ್ನುತ್ತಿತ್ತು. ಕ್ಲಿನಿಕ್ಕಿನ ಮುಂದೆ ಅವರನ್ನು ಇಳಿಸಿ, ಹಾಳೆ ಮಡಿಸಿ ಕೊಟ್ಟಳು. ಅತ್ತೆ ಅದನ್ನು ಇಸಿದುಕೊಂಡು, ಅವಳತ್ತ ನೋಡದೆ, ಒಣಗಿದೆಯೇ ಎಂದು ಬೆರಳಿನಿಂದ ಸವರಿ ನೋಡಿ, ಚೀಲದೊಳಗೆ ಇಟ್ಟುಕೊಂಡರು.