ಏಳು ಸೆಕೆಂಡು

ಬ್ಯಾಲೆ ಶಾಲೆಯಲ್ಲಿ ಎಲ್ಲರಿಗೂ ಅವಳು ಪಿಯಾನೋ ಅತ್ತೆ. ನಿಜವಾಗಿ ಅತ್ತೆಯಾಗಬೇಕಾದದ್ದು ಒಬ್ಬಳಿಗೆ ಮಾತ್ರ, ತಮ್ಮನ ಮಗಳಿಗೆ. ಆ ಹುಡುಗಿ ಐದು ವರ್ಷದವಳಿದ್ದಾಗ ಪಾಠದ ನಡುವೆ ಎದ್ದು ನಿಂತು "ಅತ್ತೆ, ಒಂದಕ್ಕೆ" ಎಂದು ಕೂಗಿದ್ದೇ ಕೂಗಿದ್ದು, ಮಿಕ್ಕ ಮಕ್ಕಳೂ ಅದನ್ನೇ ಹಿಡಿದುಕೊಂಡವು. ಕೊನೆಗೆ ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಮೇಡಂ ಕೂಡ ಹಾಗೆಯೇ ಕರೆಯತೊಡಗಿದರು.

ಶಾಲೆ ಇದ್ದದ್ದು ಲಾಂಡ್ರಿಯ ಮೇಲಿನ ಮಹಡಿಯಲ್ಲಿ. ಕೆಳಗಿನ ಹಬೆಗೆ ಮರದ ನೆಲ ಸದಾ ಬೆಚ್ಚಗಿರುತ್ತಿತ್ತು. ಒಂದು ಗೋಡೆಗೆ ಉದ್ದಕ್ಕೂ ಕನ್ನಡಿ, ಎದುರು ಗೋಡೆಗೆ ಹಿಡಿದುಕೊಳ್ಳಲು ಮರದ ಕಂಬಿ, ಮೂಲೆಯಲ್ಲಿ ಅತ್ತೆಯ ಪಿಯಾನೋ. ಅವಳು ಓದಿದ್ದು ಕಮ್ಮಿ, ಕಿವಿಯಿಂದ ಕಲಿತದ್ದೇ ಎಲ್ಲ. ಅವಳ ಕಸುಬಿನ ಗುಟ್ಟು ಕಣ್ಣಿನಲ್ಲಿತ್ತು. ಪುಸ್ತಕ ನೋಡುತ್ತಿರಲಿಲ್ಲ, ಮಕ್ಕಳ ಕಾಲು ನೋಡುತ್ತಿದ್ದಳು. ಮಗು ಹಾರಿದರೆ ಅದರ ಜೊತೆಗೇ ಸ್ವರ ಹಾರುತ್ತಿತ್ತು, ಮಗು ನೆಲಕ್ಕೆ ಬಂದಾಗ ಸ್ವರವೂ ಬರುತ್ತಿತ್ತು. ಇಪ್ಪತ್ತೆರಡು ವರ್ಷ ಹಾಗೆ ನುಡಿಸಿ ನುಡಿಸಿ ಅವಳ ಬೆರಳಿಗೂ ಮಕ್ಕಳ ಪಾದಕ್ಕೂ ಒಂದೇ ದಾರ ಕಟ್ಟಿದ ಹಾಗಾಗಿತ್ತು.

ಆ ಸೊಸೆಗೆ, ತಮ್ಮನ ಮಗಳಿಗೆ, ಹದಿಮೂರು ತುಂಬಿದ ವರ್ಷ ಅವಳು ಗೇಣುದ್ದ ಬೆಳೆದಳು. ಸ್ಕರ್ಟಿನ ಅಂಚನ್ನು ಮೂರು ಸಲ ಬಿಚ್ಚಿ ಇಳಿಸಿ ಹೊಲಿದದ್ದಾಯಿತು. ಗೆಳತಿಯರು ಕೊಕ್ಕರೆ ಎಂದು ಹೆಸರಿಟ್ಟರು. ಹಿಂದಿನ ವರ್ಷ ಬೊಂಬೆಯ ಹಾಗೆ ಒಂಟಿ ಕಾಲಲ್ಲಿ ನಿಲ್ಲುತ್ತಿದ್ದವಳು ಈಗ ಅಲುಗಾಡತೊಡಗಿದಳು. ಮೂಳೆ ಮುಂದೆ ಓಡಿಬಿಟ್ಟಿದೆ, ಮಾಂಸಖಂಡ ಇನ್ನೂ ಹಿಂದಿನಿಂದ ಏದುಸಿರು ಬಿಡುತ್ತಾ ಬರುತ್ತಿದೆ, ಬಂದು ಸೇರುವವರೆಗೆ ತಾಳ್ಮೆ ಬೇಕು ಎಂದು ಮೇಡಂ ಹೇಳುತ್ತಿದ್ದರು. ಆದರೆ ಪರೀಕ್ಷೆ ಯಾರ ಮೂಳೆಗೂ ಕಾಯುವುದಿಲ್ಲವಲ್ಲ. ಅದರಲ್ಲಿ ಪಾಸಾದವರಿಗೆ ಮಾತ್ರ ಗಟ್ಟಿ ಮೂತಿಯ ಷೂ, ಬೆರಳ ತುದಿಯ ಮೇಲೆ ನಿಂತು ಆಡುವ ಷೂ ಸಿಗುತ್ತಿತ್ತು. ಆಗದವರು ಇನ್ನೊಂದು ವರ್ಷ ಚಿಕ್ಕ ಮಕ್ಕಳ ಸಾಲಿನಲ್ಲಿ ನಿಲ್ಲಬೇಕು. ಹಾಗೇನಾದರೂ ಆದರೆ ಬ್ಯಾಲೆಯನ್ನೇ ಬಿಡುತ್ತೇನೆಂದು ಹುಡುಗಿ ಹೇಳಿಬಿಟ್ಟಿದ್ದಳು. ಹೇಳಿದ್ದನ್ನು ಮಾಡುವವಳೇ ಅವಳು.

ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ನಿಧಾನದ ಪಾಠ. ಕೋಣೆಯ ನಡುವೆ, ಏನನ್ನೂ ಹಿಡಿಯದೆ ಒಂದು ಕಾಲ ಮೇಲೆ ನಿಲ್ಲಬೇಕು. ಇನ್ನೊಂದನ್ನು ಸೊಂಟದ ಎತ್ತರಕ್ಕೆ ಎತ್ತಿ, ಮುಂದಿನಿಂದ ಪಕ್ಕಕ್ಕೆ, ಪಕ್ಕದಿಂದ ಹಿಂದಕ್ಕೆ ಒಯ್ದು, ಸದ್ದಿಲ್ಲದೆ ಇಳಿಸಬೇಕು. ಆಮೇಲೆ ಕಾಲು ಬದಲಿಸಿ ಮತ್ತೊಮ್ಮೆ. ಒಂದೊಂದು ಕಾಲಿಗೂ ಹದಿನಾರು ಎಣಿಕೆ, ಒಂದೊಂದು ಎಣಿಕೆಗೆ ಮೂರು ಸೆಕೆಂಡು. ಆ ವರ್ಷ ತರಗತಿಯಲ್ಲಿ ಕೊಕ್ಕರೆ ಅದನ್ನು ಹೇಗೋ ದಾಟಿಕೊಂಡು ಹೋಗುತ್ತಿದ್ದಳು. ಮೇಡಂಗೂ ಸಮಾಧಾನವಿತ್ತು.

ಪರೀಕ್ಷೆಗೆ ಎರಡು ವಾರ ಇರುವಾಗ ಅತ್ತೆ ಲಾಂಡ್ರಿಯ ಒದ್ದೆ ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡಳು. ತಮ್ಮನ ಸಂಸಾರದ ಜೊತೆ ತಾನೂ ಇದ್ದ ಮನೆಯಲ್ಲೇ ಎರಡು ದಿನ ಕೂತಳು. ಮೇಡಂ ಟೇಪ್ ಹಾಕಿ ಪಾಠ ನಡೆಸಿದರು. ಎರಡನೆಯ ದಿನ ಹುಡುಗಿ ಮೂತಿ ಉಬ್ಬಿಸಿಕೊಂಡು ಬಂದು ಚೀಲ ಬಿಸಾಡಿದಳು. ಟೇಪು ಹಾಳಾಗಿದೆಯಂತೆ, ಎಳೆದು ಎಳೆದು ಓಡುತ್ತದಂತೆ, ಅದರ ಹಿಂದೆ ಯಾರಿಗೂ ನಿಲ್ಲಲು ಆಗುವುದಿಲ್ಲವಂತೆ. ತಾನು ಐದು ಸಲ ಬಿದ್ದೆನೆಂದು ಮಾತ್ರ ಕೊನೆಗೆ ಹೇಳಿದಳು, ಅದೂ ಗೋಡೆಯ ಕಡೆ ತಿರುಗಿ.

ಮಾರನೆಯ ದಿನ ಅತ್ತೆ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಬೇಗ ಶಾಲೆಗೆ ಹೋದಳು. ಕೋಣೆ ಖಾಲಿಯಿತ್ತು. ಗಡಿಯಾರವನ್ನು ಮುಂದಿಟ್ಟುಕೊಂಡು ನಿಧಾನದ ಪಾಠದ ಟೇಪ್ ಹಾಕಿದಳು. ನಲವತ್ತೆಂಟು ಸೆಕೆಂಡು, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಆಮೇಲೆ ಕಣ್ಣು ಮುಚ್ಚಿ, ತರಗತಿಯಲ್ಲಿ ಹೇಗೋ ಹಾಗೇ, ಸೊಸೆಯನ್ನು ಎದುರಿಗೆ ನೆನೆದುಕೊಂಡು ನುಡಿಸಿದಳು. ಕಣ್ಣು ಬಿಟ್ಟು ನೋಡಿದರೆ ನಲವತ್ತೊಂದು. ಇನ್ನೊಮ್ಮೆ ನುಡಿಸಿದಳು. ಆಗಲೂ ನಲವತ್ತೊಂದೇ.

ಟೇಪು ಹಾಳಾಗಿರಲಿಲ್ಲ. ಹುಡುಗಿಯ ಮಂಡಿ ನಡುಗುವುದನ್ನು ಕಣ್ಣು ಕಂಡೊಡನೆ ಬೆರಳು ಅತ್ತೆಯನ್ನು ಕೇಳದೆ ಮುಂದಕ್ಕೆ ಓಡುತ್ತಿತ್ತು. ಬೀಳುವ ಮೊದಲೇ ಸ್ವರ ಮುಗಿಸಿ ಕಾಲನ್ನು ನೆಲಕ್ಕೆ ತಂದುಬಿಡುತ್ತಿತ್ತು. ಯಾವ ಏಳು ಸೆಕೆಂಡಿನಲ್ಲಿ ಕಾಲಿಗೆ ಬಲ ಬರಬೇಕಿತ್ತೋ ಅವನ್ನೇ ಅವಳು ಒಂದು ವರ್ಷ ಕದ್ದಿದ್ದಳು.

ಮೇಡಂ ಬಂದಾಗ ಅವಳು ಮುಚ್ಚಿಡಲಿಲ್ಲ. ಮೇಡಂ ಎತ್ತರದ ಸ್ಟೂಲಿನ ಮೇಲೆ ಕೂತರು. ಆಮೇಲೆ ಹೇಳಿದರು, "ನಿಮ್ಮನ್ನ ಬೈಯೋಣ ಅಂದ್ರೆ ನನಗೆ ಬಾಯಿಲ್ಲ, ಅತ್ತೆ. ನಾನೂ ನಿಮ್ಮ ಕೈ ಹಿಂದೇನೇ ಎಣಿಸ್ಕೊಂಡು ಹೋದೆ. ಕಾಲು ಎತ್ತೋದು ನೋಡಿದೆ, ಗಡಿಯಾರ ನೋಡಲಿಲ್ಲ."

ಪಿಯಾನೋವನ್ನು ಗೋಡೆಯ ಕಡೆ ತಿರುಗಿಸಿಬಿಡಿ, ಕಾಣದಿದ್ದರೆ ಕೈ ಓಡುವುದಿಲ್ಲ ಎಂದು ಅತ್ತೆ ಬೇಡಿಕೊಂಡಳು. ಮೇಡಂ ಒಪ್ಪಲಿಲ್ಲ. ನೋಡದೆ ನುಡಿಸುವುದಾದರೆ ಟೇಪೇ ಸಾಕಲ್ಲ ಎಂದರು.

ಸೊಸೆಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅಡುಗೆಮನೆಯಲ್ಲಿ ಬ್ರೆಡ್ಡು ಕುಯ್ಯುತ್ತಾ, ತಲೆ ಎತ್ತದೆ ಹೇಳಿದಳು. ಹುಡುಗಿ ಕೇಳುತ್ತಾ ನಿಂತಳು, ಕಿವಿ ಕೆಂಪಾಯಿತು.

"ಅಂದ್ರೆ ಇಷ್ಟು ದಿನ ನಾನು ನಿಂತೇ ಇಲ್ಲ."

"ನಿಂತಿದ್ದೀಯ ಕಣೇ. ಪೂರ್ತಿ ನಿಂತಿಲ್ಲ."

"ನಿನ್ನ ಯಾರು ಕೇಳಿದ್ರು ಅತ್ತೆ? ನಾನು ಕೇಳಿದ್ನಾ?"

ಆಮೇಲೆ ನಾಲ್ಕು ದಿನ ಅವಳು ಅತ್ತೆಯ ಮುಂದೆ ತುಟಿ ಬಿಚ್ಚಲಿಲ್ಲ. ಮಾತಿಲ್ಲದಿದ್ದರೂ ಬೆಳಗಾದರೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವ ಸದ್ದು ಕೇಳುತ್ತಿತ್ತು. ಎತ್ತುವುದು ಎರಡು ಎಣಿಕೆ, ಇಳಿಸುವುದು ಆರು. ಹಲ್ಲುಜ್ಜುವಾಗ ಒಂಟಿ ಕಾಲು, ಬಸ್ಸಿಗೆ ಕಾಯುವಾಗ ಒಂಟಿ ಕಾಲು. ಬಸ್ ಡ್ರೈವರಾದ ಅಪ್ಪ, ಇವಳ ಇನ್ನೊಂದು ಕಾಲಿನ ಷೂ ಮಾರಿಬಿಡೋಣವೇ ಎಂದು ಕೇಳಿದ. ಯಾರೂ ನಗಲಿಲ್ಲ.

ಐದನೆಯ ದಿನ ಹುಡುಗಿ ಗಡಿಯಾರವನ್ನು ತಂದು ಅತ್ತೆಯ ಮಡಿಲಲ್ಲಿ ಹಾಕಿ ನೆಲದ ನಡುವೆ ಹೋಗಿ ನಿಂತಳು. ಅತ್ತೆ ಎಣಿಸಿದಳು. ಹತ್ತನೆಯ ಎಣಿಕೆಗೆ ಹುಡುಗಿ ಬಿದ್ದಳು. ಮರುದಿನ ಹನ್ನೆರಡಕ್ಕೆ ಬಿದ್ದಳು, ಅದರ ಮರುದಿನ ಮತ್ತೆ ಹತ್ತಕ್ಕೇ. ಪರೀಕ್ಷೆಯ ಹಿಂದಿನ ದಿನ ಬಲಗಾಲ ಮೇಲೆ ನಿಂತು ಒಮ್ಮೆ ಹದಿನಾರು ಮುಟ್ಟಿದಳು. ಎಡಗಾಲ ಮೇಲೆ ಒಮ್ಮೆಯೂ ಮುಟ್ಟಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಬಾಗಿಲ ಬಳಿ ಕೂದಲಿಗೆ ಪಿನ್ನು ಚುಚ್ಚಿಸಿಕೊಳ್ಳುತ್ತಾ ಹುಡುಗಿ ಒಂದೇ ಮಾತು ಹೇಳಿದಳು.

"ನಾನು ಬಿದ್ರೆ ಬೀಳ್ತೀನಿ ಅತ್ತೆ. ನೀನು ಓಡಬೇಡ."

ಹೊರಗಿನಿಂದ ಬಂದ ಪರೀಕ್ಷಕಿ ಬಿಳಿ ಕೂದಲಿನ ತೆಳ್ಳನೆಯ ಹೆಂಗಸು. ಪ್ರತಿ ಪಾಠಕ್ಕೂ ಮೊದಲು ಅದರ ವೇಗ ತೋರಿಸಲು ಟಿಕ್ ಟಿಕ್ ಎನ್ನುವ ಸಣ್ಣ ಪೆಟ್ಟಿಗೆಯೊಂದನ್ನು ನಾಲ್ಕು ಏಟು ಓಡಿಸಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಮುಂದೆ ಆ ನಡೆಯನ್ನು ಉಳಿಸಿಕೊಳ್ಳುವುದು ಪಿಯಾನೋದವಳ ಪಾಡು.

ನಿಧಾನದ ಪಾಠಕ್ಕೆ ಕೊಕ್ಕರೆ ಒಬ್ಬಳೇ ನಡುವೆ ಬಂದು ನಿಂತಳು. ಮೊದಲು ಬಲಗಾಲ ಮೇಲೆ. ಅತ್ತೆ ನುಡಿಸಿದಳು. ಅದು ಹೇಗೋ ಮುಗಿಯಿತು, ಎತ್ತಿದ ಕಾಲು ಸದ್ದಿಲ್ಲದೆ ಇಳಿಯಿತು. ಅತ್ತೆ ಆಗ ಉಸಿರು ಬಿಟ್ಟಳು.

ಆಮೇಲೆ ಎಡಗಾಲ ಮೇಲೆ. ಆರನೆಯ ಎಣಿಕೆಗೇ ಪಾದದ ನರಗಳು ಎದ್ದು ಕಂಡವು. ಎಂಟಕ್ಕೆ ಮಂಡಿ ನಡುಗಿತು. ಅತ್ತೆಯ ಬೆರಳು ಮುಂದಿನ ಸ್ವರದ ಮೇಲೆ ಆಗಲೇ ಹೋಗಿ ಕೂತಿತ್ತು, ಒತ್ತುವುದೊಂದೇ ಬಾಕಿ. ಅವಳು ಒತ್ತಲಿಲ್ಲ. ಹಲ್ಲು ಕಚ್ಚಿ ಮೂರು ಸೆಕೆಂಡನ್ನು ಪೂರ್ತಿ ಕಾದಳು. ಉಳುಕಿದ ಮಣಿಕಟ್ಟು ಧಗಧಗ ಉರಿಯಿತು. ಒಂಬತ್ತು, ಹತ್ತು. ಹುಡುಗಿಯ ಕಣ್ಣು ಕನ್ನಡಿಯಲ್ಲಿ ಅತ್ತೆಯ ಕಣ್ಣನ್ನು ಹಿಡಿಯಿತು. ಹನ್ನೊಂದಕ್ಕೆ ಸೊಂಟ ವಾಲಿತು, ಕೈ ಗಾಳಿಯಲ್ಲಿ ಏನನ್ನೋ ಹುಡುಕಿತು. ಹದಿಮೂರು. ಎತ್ತಿದ ಕಾಲು ಸೊಂಟದಿಂದ ಒಂದು ಗೇಣು ಕೆಳಗೆ ಜಾರಿತು, ಆದರೆ ನೆಲ ಮುಟ್ಟಲಿಲ್ಲ. ಹದಿನಾಲ್ಕು, ಹದಿನೈದು. ಅದೇ ಎತ್ತರದಿಂದ ಹುಡುಗಿ ಅದನ್ನು ತಡೆದು ತಡೆದು ಇಳಿಸಿದಳು. ಕೊನೆಯ ಸ್ವರವೂ ಅವಳ ಕಾಲಿನ ಹೆಬ್ಬೆರಳೂ ಒಟ್ಟಿಗೇ ಕೆಳಗೆ ಬಂದವು.

ಪರೀಕ್ಷಕಿ ಬರೆದುಕೊಂಡರು. ಹುಡುಗಿಯನ್ನು ಕರೆದು, ಎಡಗಾಲು ಬಲಗಾಲಿಗಿಂತ ಆರು ತಿಂಗಳು ಚಿಕ್ಕದು ಎಂದರು. ಎತ್ತರ ಬಿಟ್ಟುಕೊಟ್ಟರೂ ಇಳಿಸುವ ಹಿಡಿತ ಬಿಡಲಿಲ್ಲವಲ್ಲ, ಅದಕ್ಕೇ ಗಟ್ಟಿ ಷೂ ಕೊಡುತ್ತೇನೆ, ಆದರೆ ಆರು ತಿಂಗಳು ಅದನ್ನು ಹಾಕಿಕೊಂಡು ಕಂಬಿ ಬಿಟ್ಟು ಒಂದು ಹೆಜ್ಜೆಯೂ ಇಡಕೂಡದು ಎಂದರು. ಹೊರಡುವಾಗ ಪಿಯಾನೋದ ಬಳಿ ನಿಂತು ಅತ್ತೆಗೆ ಹೇಳಿದರು, "ನೀವೊಬ್ರು ಕಟುಕಿ ಕಣ್ರೀ. ಬೇರೆ ಕಡೆ ಎಲ್ಲ, ಮಕ್ಕಳು ನಡುಗಿದ್ರೆ ಪಿಯಾನೋ ಓಡುತ್ತೆ."

ಸ್ಟೂಲಿನ ಮೇಲೆ ಮೇಡಂ ಕೆಮ್ಮಿದರು. ಅತ್ತೆ ಮಣಿಕಟ್ಟಿನ ಪಟ್ಟಿ ಬಿಚ್ಚುತ್ತಾ ತಲೆ ತಗ್ಗಿಸಿದಳು.

ಮನೆಗೆ ಹೋಗುವಾಗ ಲಾಂಡ್ರಿಯ ಮೆಟ್ಟಿಲಲ್ಲಿ ಹುಡುಗಿ ಅತ್ತೆಯ ಇನ್ನೊಂದು ಕೈ ಹಿಡಿದುಕೊಂಡಳು. ಮೂರು ಮೆಟ್ಟಿಲು ಇಳಿದು ನಿಂತು, ಎಡಗಾಲಿನ ಹಿಮ್ಮಡಿಯನ್ನು ಅಂಚಿನಿಂದ ಆಚೆ ಬಿಟ್ಟಳು.

"ಎಣಿಸು ಅತ್ತೆ," ಎಂದಳು. "ನಿಧಾನಕ್ಕೆ."