ದೊಡ್ಡ ಎಂಜಿನ್ನಿಗೊಂದು ಮರಿ ಎಂಜಿನ್

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಸೋಮವಾರಪೇಟೆ ಕಡೆಯ ಒಂದು ಎಸ್ಟೇಟಿನಲ್ಲಿ ಎಂಜಿನ್ ಓಡಿಸುವುದು ನನ್ನ ಕೆಲಸ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಅದರಿಂದಲೇ ತಿರುಗಬೇಕು. ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ರಾಶಿ ಬಿಸಿಯಾಗಿ ಹುಳಿ ನಾತ ಹೊಡೆಯುತ್ತದೆ. ಹಾಗಾದರೆ ಹೋಗುವುದು ನನ್ನ ಕೆಲಸ.

ಮೊದಲಿದ್ದ ಎಂಜಿನ್ನಿಗೆ ರಗಳೆ ಇರಲಿಲ್ಲ. ಬೆಂಕಿ ಉಗುಳುವ ಬ್ಲೋ ಲ್ಯಾಂಪಿನಿಂದ ಅದರ ತಲೆ ಕಾಯಿಸಿ ಗಾಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಿತ್ತು. ಅದರ ಬದಲಿಗೆ ಬಂದ ಹೊಸ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಒಂದು ಮರಿ ಎಂಜಿನ್ ಕೂತಿತ್ತು. ಪೆಟ್ರೋಲ್ ಹಾಕಿ ಮರಿಯನ್ನು ಎಬ್ಬಿಸಬೇಕು, ಮರಿ ದೊಡ್ಡದನ್ನು ಎಬ್ಬಿಸಬೇಕು. ಪೆಟ್ರೋಲ್ ಕದ್ದಾರು ಎಂದು ಡಬ್ಬಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೋಣೆಯಲ್ಲಿ. ಕೋಣೆಗೆ ಬೀಗ.

“ಇದ್ಯಾಕಣ್ಣ ಇಷ್ಟೆಲ್ಲ?” ಎಂದು ಜೋಡಿಸಲು ಬಂದ ಫಿಟ್ಟರನ್ನು ಕೇಳಿದೆ.

“ದೊಡ್ಡದು ಕಣೋ. ಒಬ್ಬನ ಕೈಗೆ ತಿರುಗಲ್ಲ. ಮರಿ ಇಲ್ದೆ ಏಳಲ್ಲ.”

ನಾನು ನಂಬಲಿಲ್ಲ. ಸಾಮಾನು ಹೆಚ್ಚಾದಷ್ಟೂ ಕೆಡುವ ಜಾಗ ಹೆಚ್ಚು. ಕೆಟ್ಟಾಗಲೆಲ್ಲ ಇವನನ್ನೇ ಕರೆಸಬೇಕು. ಹೋಗುವಾಗ ಹಳೇ ಎಂಜಿನ್ನನ್ನೂ ಗುಜರಿ ಎಂದು ಲಾರಿಗೆ ಹಾಕಿಸಿಕೊಂಡು ಹೋದ. ಆ ಅನುಮಾನ ನನ್ನ ಮನಸ್ಸಿನಲ್ಲೇ ಉಳಿಯಿತು.

ಒಂದು ಸಂತೆಯ ದಿನ ತೊಟ್ಟಿ ತುಂಬ ಹಣ್ಣು. ರೈಟರು ಕೋಣೆಯ ಕೀ ಜೇಬಿಗಿಟ್ಟುಕೊಂಡು ಪೇಟೆಗೆ ಹೋದವರು ಸಂಜೆಯಾದರೂ ವಾಪಸ್ಸಿಲ್ಲ. ಹಣ್ಣು ಕೊಯ್ದು ಅಳೆದುಕೊಟ್ಟ ಹೆಂಗಸರು ಎಂಜಿನ್ ಮನೆ ಬಾಗಿಲಲ್ಲಿ ನಿಂತು ನಗುತ್ತಿದ್ದರು.

“ಏನ್ ತಮ್ಮ, ಮರಿಗೆ ಹಾಲಿಲ್ವಾ?”

“ಹಾಲು ಕೊಡೋರು ಸಂತೆಗೆ ಹೋಗವ್ರೆ ಕಣಕ್ಕ. ನಗೋದ್ ಬಿಟ್ಟು ಹಗ್ಗ ಹಿಡೀರಿ.”

ದಪ್ಪ ಹಗ್ಗವನ್ನು ದೊಡ್ಡ ಎಂಜಿನ್ನಿನ ಗಾಲಿಗೆ ಸುತ್ತಿದೆ. ಒಳಗಿನ ಒತ್ತಡ ಬಿಡುವ ಹಿಡಿಯನ್ನು ಎತ್ತಿ ಹಿಡಿದು ನಿಂತೆ. ಅವರೆಲ್ಲ ಹಗ್ಗ ಹಿಡಿದು ಕಣದ ಕಡೆ ಓಡಿದರು. ಗಾಲಿ ತಿರುಗಿತು, ಹಿಡಿ ಬಿಟ್ಟೆ, ಕೆಮ್ಮಿ ನಿಂತಿತು. ಮತ್ತೆ ಸುತ್ತಿದೆವು. ಈ ಸಲ ಧಡ್ ಧಡ್ ಎಂದು ಎದ್ದಿತು. ಹಗ್ಗದ ತುದಿ ಬೀಸಿ ಒಬ್ಬಳ ತಲೆವಸ್ತ್ರ ಹಾರಿಸಿತು. ಪಲ್ಪರ್ ಓಡಿತು. ಹಣ್ಣು ಕೆಡದೆ ಉಳಿಯಿತು.

ಸುದ್ದಿ ಕೇಳಿದ ಎಸ್ಟೇಟಿನ ಸಾವ್ಕಾರರು ಫಿಟ್ಟರನ್ನು ಕರೆಸಿದರು.

“ಯಾರೋ ಹಗ್ಗದಲ್ಲಿ ಎಬ್ಸಿದ್ದು?” ಎಂದ ಅವನು.

“ನಾನೇ. ಮರಿ ಇಲ್ದೆ ಏಳಲ್ಲ ಅಂದಿದ್ರಲ್ಲ?”

“ಹಗ್ಗ ಆ ಹೆಂಗ್ಸಿನ ಕುತ್ಗೆಗೆ ಸುತ್ಕೊಂಡಿದ್ರೆ? ಅವಳ ಮಕ್ಳಿಗೆ ನೀನು ಅನ್ನ ಹಾಕ್ತಿದ್ದಾ?”

ಅವನು ಹೇಳಿದ್ದು ಸುಳ್ಳಲ್ಲ. ಆದರೆ ಆಗಲೇ ಅವನ ಚೀಲದಿಂದ ಹೊಸ ಸಾಮಾನು ಹೊರಗೆ ಬರುತ್ತಿತ್ತು. ಡೀಸೆಲ್ ಪೈಪಿಗೊಂದು ವಾಲ್ವು, ವಾಲ್ವಿಗೊಂದು ಬೀಗ. ಬೀಗ ತೆಗೆಯದೆ ಡೀಸೆಲ್ ಹರಿಯದು, ಹಗ್ಗ ಎಳೆದರೂ ಎಂಜಿನ್ ಏಳದು. ಇನ್ನು ಮೊದಲು ಬೀಗ, ಆಮೇಲೆ ವಾಲ್ವು, ಆಮೇಲೆ ಮರಿ, ಕೊನೆಗೆ ದೊಡ್ಡದು. ನೋಡಲೆಂದು ಬಂದವನ ಚೀಲದಲ್ಲಿ ಅಳತೆಗೆ ಸರಿಯಾದ ಬೀಗ ಮೊದಲೇ ಹೇಗಿತ್ತು?

“ಕೀ ಯಾರತ್ರ ಇರುತ್ತೆ?” ಎಂದೆ.

ಸಾವ್ಕಾರರು ಹಣ್ಣಿನ ತೊಟ್ಟಿಯತ್ತ ನೋಡಿ ನನ್ನ ಕಡೆ ಕೈ ತೋರಿಸಿದರು. “ಇವನತ್ರಾನೇ ಇರ್ಲಿ. ಪೆಟ್ರೋಲ್ ಡಬ್ಬಿನೂ ಇವನಿಗೇ ಕೊಡೋಕ್ ರೈಟರಿಗೆ ಹೇಳ್ತೀನಿ. ಆದ್ರೆ ಇನ್ನೊಂದ್ಸಲ ಹಗ್ಗ ಮುಟ್ಟಿದ್ರೆ ಕೆಲ್ಸ ಇಲ್ಲ.”

ಫಿಟ್ಟರ್ ಕೀ ನನ್ನ ಕೈಗಿಟ್ಟ. ಅಂಗಡಿಯಲ್ಲಿ ಹೊಸ ಬೀಗ ಕೊಂಡರೆ ಎರಡು ಕೀ ಕೊಡುತ್ತಾರೆ. ನಾನು ಚಾಚಿದ ಕೈ ಹಿಂದೆ ತೆಗೆಯಲಿಲ್ಲ.

“ಇನ್ನೊಂದು?” ಎಂದೆ.

ಅವನು ಸಾವ್ಕಾರರ ಮುಖ ನೋಡಿದ. ಆಮೇಲೆ ನಿಧಾನಕ್ಕೆ ಜೇಬಿಗೆ ಕೈ ಹಾಕಿದ.