ಸೂರಿನಡಿಯ ನಾಲ್ಕು ಬೆರಳು

ಓರ್ಫೆಲಿನಾ ಕೆವುಪುಮಿಲ್ ಕೋಳಿಗೂಡಿನ ಬಾಗಿಲನ್ನು ತೆಗೆಯುವುದಿಲ್ಲ, ಒದೆಯುತ್ತಾಳೆ. ಜುಲೈ ಇಲ್ಲಿ ನಡುಚಳಿಗಾಲ, ಹಿಮ ಹೊಸ್ತಿಲಿಗೆ ಕಚ್ಚಿಕೊಂಡು ಕೂತಿರುತ್ತದೆ; ಅರವತ್ತೇಳು ವರ್ಷದ ಕಾಲು ಎರಡು ಸಲ ಬೀಸಿದರೆ ಮಾತ್ರ ಬಿಡುತ್ತದೆ. ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಒಂದು ಕೈಯಲ್ಲಿ ಬಿಸಿನೀರಿನ ಕೆಟಲ್, ಇನ್ನೊಂದರಲ್ಲಿ ನೆನೆಸಿದ ಗೋಧಿಯ ಬಕೆಟ್ಟು. ಒಳಗೆ ಹೋದವಳು ಮೊದಲು ಕೋಳಿಗಳನ್ನು ನೋಡುವುದೇ ಇಲ್ಲ. ಕೈಗವಸು ಕಳಚಿ, ಚಾವಣಿ ಹಲಗೆಯ ಒಳಮೈಯನ್ನು ಬರಿಬೆರಳಿನಿಂದ ಸವರುತ್ತಾಳೆ. ಒಣಗಿದೆ. ಆಮೇಲಷ್ಟೇ ಬಾಯಿ ಬಿಡುತ್ತಾಳೆ.

"ಏಳ್ರೇ ಸೋಮಾರಿಗಳಾ. ಇವತ್ತು ನಿಮ್ಮನ್ನ ನೋಡೋಕೆ ದೊಡ್ಡ ಮನುಷ್ಯ ಬರ್ತಿದಾನೆ. ನಿಮ್ಮ ಕತ್ತು ಕುಯ್ಸೋಕೆ ಕಾಗದ ಹಿಡ್ಕೊಂಡು."

ಕಾಗದದ ಮಾತು ತಮಾಷೆಯಲ್ಲ. ಇಪ್ಪತ್ತಾರು ಮನೆಗಳ ಪಿನೊಲೆವು ಎಂಬ ಈ ಬೆಟ್ಟದೂರಿಗೆ ಕೋಳಿ ಯೋಜನೆ ಬಂದು ನಾಲ್ಕು ವರ್ಷವಾಯಿತು. ಸಂದಿಯಿಲ್ಲದೆ ಮುಚ್ಚಿದ ತಗಡಿನ ಗೂಡು, ದೊಡ್ಡ ಕೆಂಪು ಜುಟ್ಟಿನ ಕಂದು ಕೋಳಿ, ಚೀಲದಲ್ಲಿ ಮೇವು. ಷರತ್ತು ಒಂದೇ: ಊರಿನಲ್ಲಿ ಹಳೆಯ ಕೋಳಿ ಒಂದೂ ಉಳಿಯಕೂಡದು, ರೋಗ ಅಂಟುತ್ತದಂತೆ. ಇಪ್ಪತ್ತೈದು ಮನೆಯವರು ತಮ್ಮ ಕೋಳಿಗಳನ್ನು ಒಲೆಗೇರಿಸಿ ಸಹಿ ಹಾಕಿದ್ದಾರೆ. ಓರ್ಫೆಲಿನಾ ಹಾಕಿಲ್ಲ. ಇವತ್ತೂ ಹಾಕದಿದ್ದರೆ ಬರುವ ತಿಂಗಳಿಂದ ಊರಿಗೇ ಮೇವಿನ ಚೀಲ ಇಲ್ಲ ಎಂದು ಕಚೇರಿಯಿಂದ ಹೇಳಿಕಳಿಸಿದ್ದಾರೆ. ನೆರೆಹೊರೆಯವರನ್ನು ಎತ್ತಿಕಟ್ಟಿ ಮುದುಕಿಯನ್ನು ಮಣಿಸುವ ಈ ಉಪಾಯ ಯಾರ ತಲೆಗೆ ಹೊಳೆಯಿತೋ, ಕೇಳಿದರೆ ಮೈ ಉರಿಯುತ್ತದೆ.

ಅವಳ ಬಳಿ ಇರುವುದು ಇಪ್ಪತ್ತಮೂರು ಹೇಂಟೆ, ಎರಡು ಹುಂಜ. ಬಾಲವಿಲ್ಲದ, ಮೊಂಡು ಬೆನ್ನಿನ, ತಲೆಗಂಟಿದ ಪುಟ್ಟ ಜುಟ್ಟಿನ ಕೊಲ್ಯೋಂಕಾ ಕೋಳಿಗಳು. ಇಡುವುದು ನೀಲಿ ಮೊಟ್ಟೆ. ಈ ತಿಂಗಳಲ್ಲಿ ದಿನಕ್ಕೆ ಐದೋ ಆರೋ ಸಿಕ್ಕರೆ ಹೆಚ್ಚು. ಹೊರಗೆ ಸೊನ್ನೆಗಿಂತ ಹದಿನಾಲ್ಕು ಡಿಗ್ರಿ ಕೆಳಗೆ. ಟೈರು ಕೊಯ್ದು ಮಾಡಿದ ಬೋಗುಣಿಯ ನೀರು ದಿನಕ್ಕೆ ನಾಲ್ಕು ಸಲ ಕಲ್ಲಾಗುತ್ತದೆ, ನಾಲ್ಕು ಸಲವೂ ಅದನ್ನು ಕೊಡಲಿಯ ಹಿಂಬದಿಯಿಂದ ಕುಟ್ಟಿ ಬಿಸಿನೀರು ಹುಯ್ಯಬೇಕು. ಒಲೆ, ದೀಪ ಏನೂ ಗೂಡಿನೊಳಗಿಲ್ಲ. ಮೊಣಕಾಲುದ್ದ ಒಣಹುಲ್ಲು, ಕಾಲ್ಬೆರಳು ಗರಿಯೊಳಗೆ ಮುಚ್ಚಿಹೋಗುವಂಥ ಅಗಲವಾದ ಅಡ್ಡಹಲಗೆ, ಗಾಳಿ ಬೀಸದ ಬದಿಯ ಸೂರಿನಡಿ ನಾಲ್ಕು ಬೆರಳಿನಷ್ಟು ಸಂದಿ. ಜಗಳವೆಲ್ಲ ಆ ಸಂದಿಯಿಂದಲೇ ಶುರುವಾದದ್ದು.

ಯೋಜನೆ ಬಂದ ಮೊದಲ ಚಳಿಗಾಲ ತಜ್ಞನೊಬ್ಬ ಸಂದಿ ನೋಡಿ ನಕ್ಕು, ಮೊದಲು ಇದನ್ನು ಮುಚ್ಚಿ ಎಂದನಂತೆ. "ಕೋಳಿಗೆ ಚಳಿಯಾಗುತ್ತೆ ಅಂದ," ಎನ್ನುತ್ತಾಳೆ ಓರ್ಫೆಲಿನಾ. "ಓದಿದೋನು, ಬೂಟು ಹಾಕಿದ್ದ, ನಾನೂ ಪೆದ್ದಿ ಹಾಗೆ ಹೂಂ ಅಂದೆ. ನನ್ನ ಕುರಿ ಉಣ್ಣೆನೇ ತಂದು ತುರುಕಿದೆ. ಇದೇ ಕೈಯಲ್ಲಿ." ಕೋಳಿಗಳ ಉಸಿರು ಹೊರಗೆ ಹೋಗಲು ದಾರಿಯಿಲ್ಲದೆ ಚಾವಣಿಗೆ ಅಂಟಿತು, ತೊಟ್ಟಿಕ್ಕಿತು, ಹುಲ್ಲು ನೆನೆಯಿತು. ಒದ್ದೆಯಾದ ಜುಟ್ಟು, ಕಾಲ್ಬೆರಳು ಹೆಪ್ಪುಗಟ್ಟಿ ಕಪ್ಪಾದವು. ಮೂರು ವಾರದಲ್ಲಿ ಹನ್ನೊಂದು ಕೋಳಿ ಗೊರಗೊರ ಅನ್ನುತ್ತ ಸತ್ತು ಗೂಡು ಹೆಚ್ಚುಕಡಿಮೆ ಬರಿದಾಯಿತು. "ಚಳಿ ಕೊಲ್ಲಲ್ಲ ಇವುನ್ನ. ಒದ್ದೆ ಕೊಲ್ಲುತ್ತೆ. ನಮ್ಮಜ್ಜಿಗೆ ಗೊತ್ತಿತ್ತು, ನಂಗೂ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿದೆನಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ."

ಆಗ ಅವಳ ಗೂಡನ್ನು ಉಳಿಸಿದ್ದು ಇಲ್ಲಿನ ಹೆಂಗಸರ ಪದ್ಧತಿ. ಕಾವಿಗೆ ಇಡುವ ಮೊಟ್ಟೆಯನ್ನು ಇಲ್ಲಿ ಯಾರೂ ಮಾರುವುದಿಲ್ಲ. ವಸಂತದಲ್ಲಿ ಬುಟ್ಟಿಯ ಗೋಧಿಯೊಳಗೆ ಹೂತು ಒಂಬತ್ತು ಮೊಟ್ಟೆಯನ್ನು ಕೇಳಿದವಳಿಗೆ ಸುಮ್ಮನೆ ಕೊಡುತ್ತಾರೆ. ಕೊಟ್ಟವಳ ಗೂಡು ಎಂದಾದರೂ ಬರಿದಾದರೆ, ಪಡೆದವಳು ಅದೇ ಪೀಳಿಗೆಯ ಹೇಂಟೆಯನ್ನು ಮರಳಿ ತಂದು ಬಿಡಬೇಕು. ನಲವತ್ತು ವರ್ಷದಲ್ಲಿ ಓರ್ಫೆಲಿನಾ ಕೊಡದ ಮನೆಯಿಲ್ಲ. ಆ ವರ್ಷ ಮೂವರು ಒಂದೊಂದು ಹೇಂಟೆ ತಂದು ಬಿಟ್ಟರು. ಈಗ ಆ ಮೂವರ ಮನೆಯಲ್ಲೂ ಕಂದು ಕೋಳಿಯೇ. ಇವಳ ಗೂಡು ಖಾಲಿಯಾದರೆ ನೀಲಿ ಮೊಟ್ಟೆ ತಂದುಕೊಡಲು ಈ ಕಣಿವೆಯಲ್ಲಿ ಇನ್ನೊಬ್ಬರಿಲ್ಲ.

ಒಂಬತ್ತು ಗಂಟೆಗೆ ಜೀಪು ಬರುತ್ತದೆ. ಕನ್ನಡಕದ ಅಧಿಕಾರಿ ಸಾನ್ವೆಸಾ ಇಳಿಯುತ್ತಾನೆ. ಜೊತೆಗೆ ಪಕ್ಕದ ಮನೆಯ ಉಬೆರ್ಲಿಂದಾ ಓಡುತ್ತ ಬರುತ್ತಾಳೆ.

"ಸಹಿ ಹಾಕ್ಬಿಡೇ ಅಕ್ಕಾ. ನಿನ್ನ ಹಟಕ್ಕೆ ನಮ್ಮ ಚೀಲ ಯಾಕೆ ಹೋಗ್ಬೇಕು?"

"ಚೀಲ ತಿನ್ನೋಕೆ ಕೋಳಿ ಎಷ್ಟು ಉಳಿದಿದಾವೆ ನಿಂಗೆ?"

ಉಬೆರ್ಲಿಂದಾ ಹಿಮ ನೋಡುತ್ತಾಳೆ. "ಮೂವತ್ತರಲ್ಲಿ ಹನ್ನೊಂದು."

"ಅಜ್ಜಿ, ಅದಕ್ಕೇ ಹೊಸ ಮರಿ ಮಂಜೂರಾಗಿದೆ," ಎಂದು ಸಾನ್ವೆಸಾ ನಡುವೆ ಬಾಯಿ ಹಾಕುತ್ತಾನೆ.

"ಸಾಯ್ಸೋಕೆ ಇನ್ನೊಂದಿಷ್ಟಾ? ಬಾ ಮಗಾ, ಸಹಿ ಆಮೇಲೆ." ಓರ್ಫೆಲಿನಾ ಅವನ ತೋಳು ಹಿಡಿದು ಬೇಲಿ ದಾಟಿಸಿ, ಉಬೆರ್ಲಿಂದಾಳ ತಗಡಿನ ಗೂಡಿನೊಳಗೆ ದೂಡಿ ಹೊರಗಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ನಿಧಾನವಾಗಿ ನೂರು ಎಣಿಸುತ್ತಾಳೆ. ಅರವತ್ತಕ್ಕೇ ಅವನು ಬಾಗಿಲು ಬಡಿಯುತ್ತಾನೆ. ನೂರು ಅಂದರೆ ನೂರು.

ಹೊರಬಂದವನಿಗೆ ಕೆಮ್ಮು, ಕಣ್ಣಲ್ಲಿ ನೀರು, ಕನ್ನಡಕದ ಮೇಲೆ ಬೆಳ್ಳಗೆ ಆವಿ. ತಗಡಿನಿಂದ ತೊಟ್ಟಿಕ್ಕಿದ ನೀರಿಗೆ ಭುಜವೆಲ್ಲ ಒದ್ದೆ. ಓರ್ಫೆಲಿನಾ ಅವನನ್ನು ತನ್ನ ಗೂಡಿಗೆ ಕರೆತಂದು, ಅವನ ಕೈಗವಸನ್ನು ತಾನೇ ಎಳೆದು ತೆಗೆದು, ಬೆರಳನ್ನು ಚಾವಣಿಗೆ ಒತ್ತುತ್ತಾಳೆ. "ಒದ್ದೆ ಇದೆಯಾ ಹೇಳು. ಬಾಯಿ ಬಿಟ್ಟು ಹೇಳು."

"ಇಲ್ಲ," ಅನ್ನುತ್ತಾನೆ ಸಾನ್ವೆಸಾ. ಅಷ್ಟು ಹೇಳಿಯೂ ಜೀಪಿಗೆ ಹೋಗಿ ಕಡತ ತೆಗೆಯುತ್ತಾನೆ. ಒಳ್ಳೆಯ ಹುಡುಗನೇ ಇರಬಹುದು. ಕಣ್ಣಾರೆ ಕಂಡದ್ದನ್ನು ಬರೆಯಲು ನಮೂನೆಯಲ್ಲಿ ಜಾಗವಿಲ್ಲವಂತೆ. "ನೀವು ಒಪ್ಪಲ್ಲ ಅಂತ ಬರೀಬೇಕಾಗುತ್ತೆ ಅಜ್ಜಿ. ಊರಿಗೆ ಚೀಲ ನಿಲ್ಲುತ್ತೆ."

ಅದಕ್ಕೆ ಉತ್ತರ ಕೊಡುವವಳು ಉಬೆರ್ಲಿಂದಾ. ತನ್ನ ಗೂಡಿನ ಬಾಗಿಲನ್ನು ಅವಳಿನ್ನೂ ಮುಚ್ಚಿಲ್ಲ, ಒಳಗಿನ ಹಬೆ ಹೊಗೆಯಂತೆ ಹೊರಬರುತ್ತಿದೆ. "ನಿಲ್ಲಲಿ ಬಿಡಿ ಸಾರ್," ಅನ್ನುತ್ತಾಳೆ. ಆಮೇಲೆ ಇತ್ತ ತಿರುಗಿ, ಸಣ್ಣ ದನಿಯಲ್ಲಿ, "ಅಕ್ಕಾ, ವಸಂತಕ್ಕೆ ನಂಗೆ ಒಂಬತ್ತು ಎತ್ತಿಡ್ತೀಯಾ?"

"ನಾನು ಕೊಟ್ಟ ಮೊಟ್ಟೆಯಿಂದ ಹುಟ್ಟಿದ ಕೋಳೀನ ಸಾರು ಮಾಡ್ಕೊಂಡು ಕುಡಿದೋಳು ನೀನು."

"ಹೂಂ. ಕುಡಿದೆ."

"ಮೊದ್ಲು ಹೋಗಿ ಆ ತಗಡಿಗೆ ಸಂದಿ ಕೊಯ್ಯಿ. ನಾಲ್ಕು ಬೆರಳು. ಆಮೇಲೆ ನೋಡ್ತೀನಿ." ಸಿಟ್ಟು ಇಳಿದಿಲ್ಲ, ಇಳಿಯಬೇಕಾದ ಕಾರಣವೂ ಇಲ್ಲ. ಆದರೆ ವಸಂತದ ಬುಟ್ಟಿ ಅಟ್ಟದ ಮೇಲೆ ಎಲ್ಲಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು.

ಸಾನ್ವೆಸಾ ಬರೆಯಲು ಶುರು ಮಾಡುತ್ತಾನೆ. ಓರ್ಫೆಲಿನಾ ಅವನ ಭುಜದ ಮೇಲಿಂದ ಬಗ್ಗಿ ಅಕ್ಷರ ಕೂಡಿಸಿ ಓದುತ್ತಾಳೆ. ಕೋಳಿ: ಇಪ್ಪತ್ತೈದು. ತಳಿ: ಯಾವುದೂ ಅಲ್ಲ. ಕೊಡಲಿ ಹಿಡಿದು ಒರಟಾದ ಬೆರಳು ಬಂದು ಆ ಸಾಲಿನ ಮೇಲೆ ಕೂರುತ್ತದೆ, ಪೆನ್ನು ಮುಂದೆ ಹೋಗುವುದಿಲ್ಲ.

"ಚೀಲ ಬೇಡ, ಮರಿ ಬೇಡ, ನಿನ್ನ ತಗಡೂ ಬೇಡ. ಒಂದೇ ಒಂದು ಕೇಳ್ತೀನಿ. ಇದನ್ನ ಹೊಡೆದುಹಾಕು. ಕೊಲ್ಯೋಂಕಾ ಅಂತ ಬರಿ. ಕೆಳಗಡೆ ಬೇಕಾದ್ರೆ ಮುದುಕಿ ಒಪ್ಪಲಿಲ್ಲ ಅಂತ ಬರ್ಕೋ. ಎರಡೂ ನಿಜ."